ಎಂಟು ಕುರ್ಚಿ ಸಾಕು, ಶಾಮಿಯಾನ ಬೇಡ

ಮಾನ್ಯ ಸಂಪಾದಕರೇ,

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನ ಹತ್ತಿರವಾದಂತೆ ಹಾಸನದ ಕಾಲೇಜು ಸಭಾಂಗಣಗಳಲ್ಲಿ, ತಾಲ್ಲೂಕು ಭವನಗಳಲ್ಲಿ ‘ಸಾಮೂಹಿಕ ಆಪ್ತಸಮಾಲೋಚನೆ’ ಎಂಬ ಫ್ಲೆಕ್ಸ್‌ಗಳು ಏಳುತ್ತವೆ. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರೆರೆದು ಉದ್ಘಾಟನೆ, ಮೂವರ ಭಾಷಣ. ಕೊನೆಗೆ ಇನ್ನೂರು ಮಕ್ಕಳೆದುರು ಮೈಕ್ ಹಿಡಿದು, ‘ಯಾರಿಗಾದರೂ ಮನಸ್ಸಿಗೆ ಕಷ್ಟವಿದ್ದರೆ ಸಂಕೋಚಪಡದೆ ಎದ್ದು ಹೇಳಿ’ ಎನ್ನುತ್ತಾರೆ. ಒಬ್ಬರೂ ಏಳುವುದಿಲ್ಲ. ಏಳದಿರುವುದೇ ಸರಿ, ಎದ್ದವರ ಕಥೆ ಸಂಜೆಯೊಳಗೆ ಹಾಸ್ಟೆಲ್ ಮುಟ್ಟಿರುತ್ತದೆ. ವಂದನಾರ್ಪಣೆ ಮುಗಿದ ಮೇಲೆ ಫೋಟೊ, ಮಾರನೆಯ ದಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಎರಡು ಕಾಲಂ ಸುದ್ದಿ.

ಜಾಗೃತಿ ಭಾಷಣದ ಬಗ್ಗೆ ನಮ್ಮ ತಕರಾರಿಲ್ಲ. ಖಿನ್ನತೆ ಕಾಯಿಲೆ, ಅದಕ್ಕೆ ಔಷಧಿಯಿದೆ ಎಂದು ಇನ್ನೂರು ಜನಕ್ಕೆ ತಿಳಿಸುವುದು ಒಳ್ಳೆಯ ಕೆಲಸವೇ. ಆದರೆ ವರದಿಯಲ್ಲಿ ಅದನ್ನೇ ಗುಂಪು ಆಪ್ತಸಮಾಲೋಚನೆ ಎಂದು ಬರೆದು, ‘ಇಷ್ಟು ಫಲಾನುಭವಿಗಳು’ ಎಂದು ಲೆಕ್ಕ ಕೊಟ್ಟು ಮುಗಿಸಿದಾಗ, ನಿಜವಾದ ಗುಂಪು ನಡೆಸಲು ಬೇಕಾದ ಕೋಣೆ, ವಾರ, ತರಬೇತಿ ಯಾವುದಕ್ಕೂ ಹಣ ಉಳಿಯುವುದಿಲ್ಲ. ಈ ಜಿಲ್ಲೆಯಲ್ಲಿ ಇದೇ ಕೆಲಸ ಮಾಡುವ ನಾವು ಕೆಲವರು ಸೇರಿ ಬರೆಯುತ್ತಿರುವುದು ಅದಕ್ಕಾಗಿ.

ಕಷ್ಟದಲ್ಲಿರುವ ಕೆಲವೇ ಜನರನ್ನು ವಾರವಾರ ಒಟ್ಟಿಗೆ ಕೂರಿಸುವ ಈ ಪದ್ಧತಿ ಹುಟ್ಟಿದ್ದೇ ಬಡತನದಲ್ಲಿ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರಾಟ್, ಸ್ಯಾನಟೋರಿಯಂ ಖರ್ಚು ಭರಿಸಲಾಗದ ಕ್ಷಯ ರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ ವಿಶ್ರಾಂತಿ, ಗಾಳಿ–ಬೆಳಕು, ಆಹಾರದ ಪಾಠ ಹೇಳತೊಡಗಿದರು. ಅವರು ಮನೋವೈದ್ಯರಲ್ಲ, ಒಬ್ಬೊಬ್ಬರಿಗೂ ಹೇಳುವುದನ್ನು ಒಟ್ಟಿಗೇ ಹೇಳಿದರೆ ಸಮಯ ಉಳಿಯುತ್ತದೆ ಎಂಬುದಷ್ಟೇ ಮೊದಲ ಲೆಕ್ಕ. ಪಕ್ಕದವನ ತೂಕ ಏರಿದ್ದನ್ನು ಕಂಡ ರೋಗಿಗೆ ತನಗೂ ಆಗುತ್ತದೆ ಎಂಬ ಧೈರ್ಯ ಬರುವುದು ಆಮೇಲೆ ಅವರ ಗಮನಕ್ಕೆ ಬಂತು. ನಮ್ಮಲ್ಲಿ 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆಸ್ಪತ್ರೆ ಆವರಣದಲ್ಲೇ ಡೇರೆ ಹಾಕಿಸಿ, ರೋಗಿಗಳ ಮನೆಯವರನ್ನೂ ಜೊತೆಯಲ್ಲಿ ಇರಿಸಿಕೊಂಡು ಚಿಕಿತ್ಸೆ ನೀಡಿದರು. ಎರಡೂ ಕಡೆ ಸಾಮಾನ್ಯವಾದದ್ದು ಒಂದು: ಅದದೇ ಜನ ಮತ್ತೆ ಮತ್ತೆ ಕೂತರು. ಸಭಾಂಗಣದ ಕಾರ್ಯಕ್ರಮದಲ್ಲಿ ಇಲ್ಲದಿರುವುದೂ ಅದೇ.

‘ಸಿದ್ಧಾಂತ ಎಲ್ಲ ಪುಸ್ತಕದ್ದು, ಪ್ರೀತಿಯಿಂದ ನಾಲ್ಕು ಮಾತಾಡಿದರೆ ಸಾಕು’ ಎನ್ನುವವರು ನಮ್ಮ ವೃತ್ತಿಯಲ್ಲೂ ಇದ್ದಾರೆ. ಅವರಿಗಾಗಿ ಒಂದೇ ಒಂದು ಗಳಿಗೆಯನ್ನು ಹತ್ತಿರದಿಂದ ನೋಡೋಣ. ಏಳೆಂಟು ಹೆಂಗಸರು ವೃತ್ತದಲ್ಲಿ ಕೂತಿದ್ದಾರೆ. ಎರಡು ವಾರದಿಂದ ಬಾಯಿ ಬಿಡದ ಒಬ್ಬಳು ಸೆರಗಿನ ತುದಿ ಸುತ್ತುತ್ತಾ ಹೇಳುತ್ತಾಳೆ: ‘ನಾನಿದ್ದು ಯಾರಿಗೂ ಉಪಯೋಗ ಇಲ್ಲ ಕಣಕ್ಕಾ.’ ಮುಂದಿನ ಮಾತು ಯಾರದ್ದು? ಮನೋಚಿಕಿತ್ಸೆಯ ಆರು ಪಂಥಗಳು ಆರು ಉತ್ತರ ಕೊಡುತ್ತವೆ.

ಅರಿವು–ವರ್ತನೆ ಚಿಕಿತ್ಸೆಯ ದಾರಿ ಹಿಡಿದವರು, ಅಂದರೆ ಆರನ್ ಬೆಕ್ ಹಾಕಿದ ಹಾದಿಯವರು, ‘ಉಪಯೋಗ ಇಲ್ಲ’ ಎಂಬುದನ್ನು ಸತ್ಯವೆಂದಾಗಲಿ ಸುಳ್ಳೆಂದಾಗಲಿ ಒಪ್ಪದೆ ಅದೊಂದು ಯೋಚನೆ ಎಂದಷ್ಟೇ ಹಿಡಿದುಕೊಳ್ಳುತ್ತಾರೆ. ‘ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ, ಒಂದೊಂದಾಗಿ ಹೇಳಿ ನೋಡೋಣ’ ಎನ್ನುತ್ತಾರೆ. ಕಾರ್ಲ್ ರೋಜರ್ಸ್ ಪಂಥದವರು ಸಾಕ್ಷ್ಯ ಕೇಳುವುದಿಲ್ಲ. ‘ಇದ್ದೂ ಇಲ್ಲದ ಹಾಗೆ ಆಗಿಬಿಟ್ಟಿದೆ ಅನ್ನಿಸ್ತಿದೆ, ಅಲ್ವಾ’ ಎಂದು ಅವಳ ಮಾತಿನ ಜೊತೆಗೇ ನಿಲ್ಲುತ್ತಾರೆ. ಇರ್ವಿನ್ ಯಾಲಮ್ ದಾರಿಯವರು ಅವಳಿಗೆ ಉತ್ತರಿಸದೆ ಉಳಿದವರತ್ತ ತಿರುಗಿ, ‘ಇವರ ಮಾತು ಕೇಳಿ ನಿಮಗೆ ಏನಾಯಿತು?’ ಎನ್ನುತ್ತಾರೆ. ವಿಲ್ಫ್ರೆಡ್ ಬಿಯಾನ್ ಮತದವರು ಅವಳನ್ನು ಬಿಟ್ಟು ಇಡೀ ಗುಂಪಿನ ಬಗ್ಗೆ ಮಾತಾಡುತ್ತಾರೆ: ಎಲ್ಲರ ಬೇಸರವನ್ನೂ ಒಬ್ಬಳ ಬಾಯಲ್ಲಿ ಆಡಿಸಿ ಉಳಿದವರು ಸುಮ್ಮನಿರುವ ಹಾಗಿದೆ, ಎಂದು. ಮೊರೆನೊ ಮಾದರಿಯವರು, ಅಂದರೆ ಮನಸ್ಸಿನಲ್ಲಿರುವುದನ್ನು ಅಭಿನಯಿಸಿ ತೋರಿಸುವ ಮನೋನಾಟಕದವರು, ನಡುವೆ ಖಾಲಿ ಕುರ್ಚಿಯೊಂದನ್ನು ಎಳೆದಿಟ್ಟು, ಆ ಮಾತನ್ನು ಯಾರಿಗೆ ಹೇಳಬೇಕಿದೆಯೋ ಅವರು ಅಲ್ಲಿ ಕೂತಿದ್ದಾರೆ ಎಂದುಕೊಂಡು ಹೇಳಿ ಎನ್ನುತ್ತಾರೆ. ಪರಸ್ಪರ ಸಂಬಂಧ ಚಿಕಿತ್ಸೆಯವರು ಕೇಳುವುದು ಕಾಲವನ್ನು: ಹೀಗೆ ಅನ್ನಿಸಲು ಶುರುವಾಗಿದ್ದು ಯಾವ ತಿಂಗಳು, ಆಗ ಮನೆಯಲ್ಲಿ ಏನು ಬದಲಾಗಿತ್ತು?

ಆರೂ ಸರಿಯೇ, ಅವುಗಳ ಜಾಗದಲ್ಲಿ. ಒಂದು ಗಂಟೆಯೊಳಗೆ ಆರನ್ನೂ ಬೆರೆಸಿದರೆ ಹೇಳಿದವಳಿಗೆ ದಿಕ್ಕು ತಪ್ಪುತ್ತದೆ. ಸಾಕ್ಷ್ಯ ಕೇಳಿದ ಮರುಕ್ಷಣ ಕುರ್ಚಿ ಎಳೆದಿಟ್ಟರೆ, ತನ್ನನ್ನು ಪರೀಕ್ಷೆ ಮಾಡಿ ಆಮೇಲೆ ಆಟ ಆಡಿಸಿದರು ಎಂದೇ ಅವಳು ಮನೆಗೆ ಹೋಗುತ್ತಾಳೆ. ಇನ್ನೊಂದು ವಿಷಯ ಯಾವ ಪಂಥಕ್ಕೂ ಸೇರಿದ್ದಲ್ಲ, ಎಲ್ಲದಕ್ಕೂ ಸೇರಿದ್ದು. ಇಂಥ ಮಾತು ಬಂದ ದಿನ, ಗುಂಪು ಚದುರುವ ಮೊದಲು, ಅವಳೊಬ್ಬಳನ್ನೇ ಪಕ್ಕಕ್ಕೆ ಕೂರಿಸಿ ‘ಸಾಯಬೇಕು ಅನ್ನಿಸುತ್ತದಾ?’ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬೇಡ, ಹಾಗಾಗುವುದಿಲ್ಲ.

ಹಾಗಾದರೆ ನಮ್ಮ ಕಡೆಗೆ ಯಾವುದು ಒಗ್ಗುತ್ತದೆ? ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಸುತ್ತಿನ ಕಾಫಿ ತೋಟದ ಕೂಲಿಯವರ ಲೈನ್ ಮನೆಗಳ ಹೆಂಗಸರಿಗೆ, ಬಯಲುಸೀಮೆಯ ಅರಸೀಕೆರೆ, ಕಡೂರು ಕಡೆಯ ಸ್ತ್ರೀಶಕ್ತಿ ಸಂಘಗಳಿಗೆ ನಮ್ಮ ಮೊದಲ ಆಯ್ಕೆ ಗುಂಪಿನಲ್ಲಿ ನಡೆಸುವ ಪರಸ್ಪರ ಸಂಬಂಧ ಚಿಕಿತ್ಸೆ. ಕಾರಣ, ಅದರಲ್ಲಿ ಓದು–ಬರಹ ಬೇಕಿಲ್ಲ. ಖಿನ್ನತೆಗೆ ಅದು ನಾಲ್ಕೇ ಬಾಗಿಲು ಇಟ್ಟುಕೊಂಡಿದೆ: ಹತ್ತಿರದವರ ಸಾವು, ತೀರದ ಜಗಳ, ಬದುಕಿನಲ್ಲಿ ಬಂದ ದೊಡ್ಡ ಬದಲಾವಣೆ, ಒಂಟಿತನ. ಮದುವೆಯಾಗಿ ಬೇರೆ ತಾಲ್ಲೂಕಿಗೆ ಬಂದವಳು ಮೂರನೆಯದಕ್ಕೆ, ಮಗ ಬೆಂಗಳೂರಿಗೆ ಹೋದ ಮೇಲೆ ಮೌನವಾದ ಅಜ್ಜಿ ನಾಲ್ಕನೆಯದಕ್ಕೆ. ಪ್ರತಿಯೊಬ್ಬರೂ ಒಂದು, ಹೆಚ್ಚೆಂದರೆ ಎರಡು ಬಾಗಿಲು ಆರಿಸಿಕೊಳ್ಳುತ್ತಾರೆ. ಆಮೇಲೆ ಪ್ರತಿ ವಾರದ ಮಾತೂ ಅದರ ಸುತ್ತಲೇ.

ಉಗಾಂಡದ ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ನಡೆಸಿದವರು ಮನೋವೈದ್ಯರಲ್ಲ, ಎರಡು ವಾರ ತರಬೇತಿ ಪಡೆದ ಸ್ಥಳೀಯರು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಗುಂಪು, ವಾರಕ್ಕೆ 90 ನಿಮಿಷ, 16 ವಾರ. ಕೊನೆಯಲ್ಲಿ ಗುಂಪಿನ ಹಳ್ಳಿಗಳಲ್ಲಿ ತೀವ್ರ ಖಿನ್ನತೆಯ ಮಾನದಂಡಕ್ಕೆ ಇನ್ನೂ ಸಿಗುತ್ತಿದ್ದವರು ಶೇ 6.5, ಗುಂಪು ನಡೆಯದ ಹಳ್ಳಿಗಳಲ್ಲಿ ಶೇ 54.7. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇದರ ಎಂಟು ವಾರಗಳ ಸರಳ ರೂಪವನ್ನು ಕೈಪಿಡಿಯಾಗಿ ಹೊರತಂದಿತು. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು ಇರುವ ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. ಆದರೆ ಅವರ ಮೇಲೆ ಇನ್ನೊಂದು ರಿಜಿಸ್ಟರ್ ಹೊರಿಸಿ, ಹಿಂದೆ ನಿಂತು ವಾರವಾರ ಮಾರ್ಗದರ್ಶನ ಮಾಡುವವರನ್ನು ಕೊಡದಿದ್ದರೆ ಫಲಿತಾಂಶ ಉಗಾಂಡದ್ದಾಗಿ ಉಳಿಯುವುದಿಲ್ಲ.

ಇಲ್ಲಿ ಎಲ್ಲರೂ ಬೀಳುವ ಹಳ್ಳವೊಂದಿದೆ. ಸ್ವಸಹಾಯ ಸಂಘ ಹೇಗೂ ಇದೆಯಲ್ಲ, ವಾರದ ಸಭೆಯೂ ಆಗುತ್ತದಲ್ಲ, ಅದನ್ನೇ ಚಿಕಿತ್ಸಾ ಗುಂಪು ಮಾಡಿಬಿಡೋಣ ಎನ್ನುತ್ತಾರೆ. ಬೇಡ. ಸಂಘದಲ್ಲಿ ಸಾಲವಿದೆ, ಕಂತಿದೆ, ಒಬ್ಬಳ ಬಾಕಿಗೆ ಉಳಿದವರು ಜವಾಬ್ದಾರರು. ಗಂಡ ಕುಡಿದು ದುಡ್ಡೆಲ್ಲ ಕಳೆದ ಎಂದು ಹೇಳಿಕೊಂಡವಳಿಗೆ ಮುಂದಿನ ಸಾಲ ಸಿಗುವುದು ಅನುಮಾನ. ಅದು ಅವಳಿಗೂ ಗೊತ್ತು. ಸಂಘದಿಂದ ಕಷ್ಟದಲ್ಲಿರುವವರನ್ನು ಗುರುತಿಸಿ, ಆದರೆ ಬೇರೆ ಬೇರೆ ಸಂಘದವರನ್ನು ಸೇರಿಸಿ ಗುಂಪು ಕಟ್ಟಿ. ತೋಟದಲ್ಲಾದರೆ ಲೆಕ್ಕ ಬರೆಯುವ ರೈಟರ್, ಕೆಲಸ ಮಾಡಿಸುವ ಮೇಸ್ತ್ರಿ, ಅವರ ಮನೆಯವರು ಆ ವೃತ್ತದಲ್ಲಿ ಇರಕೂಡದು. ಕೋಣೆಯೂ ತೋಟದ ಆಫೀಸಿನ ಪಕ್ಕದ್ದಾಗಬಾರದು. ವಾರದ ಸಂತೆ ದಿನ ರಜೆಯಿರುತ್ತದೆ ಎಂದು ಅದೇ ದಿನ ಇಟ್ಟರೆ ಯಾರೂ ಬರುವುದಿಲ್ಲ, ಅವತ್ತು ಸಾಮಾನು ತರಬೇಕು. ಕಾಫಿ ಕುಯಿಲಿನ ತಿಂಗಳುಗಳಲ್ಲಿ ಹೊಸ ಗುಂಪು ಶುರು ಮಾಡಬೇಡಿ. ತೂಕದ ಮೇಲೆ ಕೂಲಿ ಸಿಗುವ ಕಾಲದಲ್ಲಿ ಒಂದೂವರೆ ಗಂಟೆ ಎಂದರೆ ನೇರ ನಷ್ಟ. ಭಾಷೆಯೂ ಒಂದೇ ಇರಲಿ. ತುಳು, ತಮಿಳು, ಈಚೆಗೆ ಅಸ್ಸಾಂ, ಜಾರ್ಖಂಡ್ ಕಡೆಯವರೆಲ್ಲ ಇರುವ ಲೈನುಗಳಲ್ಲಿ ಅನುವಾದ ಮಾಡಿಸಿಕೊಂಡು ಅಳುವುದಕ್ಕೆ ಯಾರಿಂದಲೂ ಆಗುವುದಿಲ್ಲ. ಟೀ ಬಂದಾಗ ಯಾರು ಯಾರ ಪಕ್ಕದಿಂದ ಎದ್ದು ಹೋಗುತ್ತಾರೆ, ಯಾರು ಲೋಟ ಮುಟ್ಟುವುದಿಲ್ಲ ಎಂಬುದನ್ನೂ ನೋಡಿ. ಜಾತಿ ಆ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಬರುವುದಿಲ್ಲ, ನಡೆಸುವವರು ಕಣ್ಣು ಮುಚ್ಚಿದರೂ.

ಪಿಯು, ಎಂಜಿನಿಯರಿಂಗ್ ಮಕ್ಕಳ ಪರೀಕ್ಷಾ ಭಯಕ್ಕೆ, ನಾಲ್ಕು ಜನರೆದುರು ಬಾಯಿ ಒಣಗುವ ಸಂಕೋಚಕ್ಕೆ ಅರಿವು–ವರ್ತನೆ ಗುಂಪೇ ಸರಿ. ಆರರಿಂದ ಹತ್ತು ಜನ, ಎಂಟು ವಾರ. ಮೊದಲ ವಾರ ಭಯ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಪಾಠ: ಎದೆ ಬಡಿತ, ಬೆವರು, ಹೊಟ್ಟೆ ತೊಳಸು. ಎರಡು, ಮೂರನೆಯ ವಾರ ಯೋಚನೆ ಹಿಡಿಯುವುದು: ನೋಟ್‌ಬುಕ್ಕಿನಲ್ಲಿ ಮೂರು ಕಾಲಂ, ಏನು ನಡೆಯಿತು, ಆಗ ತಲೆಗೆ ಬಂದದ್ದೇನು, ಏನನ್ನಿಸಿತು. ಏಳು ಕಾಲಂ ಹಾಳೆ ಕೊಟ್ಟರೆ ಯಾರೂ ತುಂಬುವುದಿಲ್ಲ, ಮನೆಗೆಲಸ ಮಾಡದ ನಾಚಿಕೆಗೆ ಮುಂದಿನ ವಾರ ಬರುವುದನ್ನೂ ಬಿಡುತ್ತಾರೆ. ನಾಲ್ಕನೆಯ ವಾರದಿಂದ ಭಯದ ಮೆಟ್ಟಿಲು. ಪ್ರತಿಯೊಬ್ಬರೂ ತಮಗೆ ಹೆದರಿಕೆ ತರುವ ಹತ್ತು ಸಂದರ್ಭ ಬರೆದು ಸೊನ್ನೆಯಿಂದ ನೂರರವರೆಗೆ ಅಂಕ ಹಾಕಬೇಕು. 30–40ರ ಸುತ್ತಲಿನದ್ದರಿಂದ ಆರಂಭ. ಗುಂಪಿನೆದುರು ನಿಂತು ಒಂದು ಪ್ಯಾರಾ ಓದುವುದು, ಆಮೇಲೆ ಸುಳ್ಳು ವೈವಾ, ಗೆಳೆಯರೇ ಪರೀಕ್ಷಕರು.

ಈ ನಾಲ್ಕನೆಯ ವಾರದಲ್ಲೇ ಕೆಲಸ ಕೆಡುವುದು. ಹುಡುಗಿಯ ಕೈ ನಡುಗಿ ದನಿ ಕಟ್ಟಿದಾಗ, ನಡೆಸುವವರು ಕರುಣೆಯಿಂದ ‘ಸಾಕು ಕೂತ್ಕೊಮ್ಮ’ ಎಂದುಬಿಡುತ್ತಾರೆ. ಭಯ ತುತ್ತತುದಿಯಲ್ಲಿರುವಾಗ ಕೂರಿಸಿದರೆ ಅವಳ ಮೆದುಳು ಕಲಿಯುವುದು ಒಂದೇ ಪಾಠ, ತಪ್ಪಿಸಿಕೊಂಡದ್ದರಿಂದ ಬದುಕಿದೆ ಎಂದು. ಅವಳನ್ನು ಕೂರಿಸದೆ ಅಲ್ಲೇ ನಿಂತಿರಲು ಬಿಟ್ಟು, ಎರಡು ಉಸಿರು ತೆಗೆದುಕೊಳ್ಳಲು ಹೇಳಿ, ಓದು ಮುಂದುವರಿಸಲು ಬಿಡಿ. ಕೆಲವು ನಿಮಿಷಗಳಲ್ಲಿ ಅಂಕ ತಾನಾಗಿ ಇಳಿಯುತ್ತದೆ, ಅದನ್ನು ಅವಳ ಬಾಯಲ್ಲೇ ಹೇಳಿಸಿ. ಅಂಕ 90ರಿಂದ ಶುರು ಮಾಡಿಸಿದರೆ ಮಾತ್ರ ತಪ್ಪು ನಿಮ್ಮದು.

ಮೊರೆನೊ ಅವರ ಮನೋನಾಟಕದ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮ ಕಡೆ ಅದಕ್ಕೆ ವಿಶೇಷ ಆಕರ್ಷಣೆ. ಹಾಸನದ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡದ ಬೀದಿಯಿಲ್ಲ, ಶೃಂಗೇರಿ–ಕೊಪ್ಪದತ್ತ ಯಕ್ಷಗಾನ. ಪಾತ್ರ ಮಾಡು ಎಂದರೆ ಜನ ಹಿಂಜರಿಯುವುದಿಲ್ಲ. ಕಷ್ಟ ಅಲ್ಲೇ: ಚೆನ್ನಾಗಿ ಅಭಿನಯಿಸಿಬಿಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ, ಒಳಗಿನದ್ದು ಒಳಗೇ ಉಳಿಯುತ್ತದೆ. ಮನೋನಾಟಕಕ್ಕೆ ಮೂರು ಹಂತ: ಮೈ–ಮನಸ್ಸು ಸಡಿಲಿಸುವುದು, ಆಟ, ಹಂಚಿಕೆ. ಮೂರನೆಯದರಲ್ಲಿ ನೋಡಿದವರು ಸಲಹೆ ಕೊಡಕೂಡದು, ತಮ್ಮ ಬದುಕಿನಲ್ಲಿ ಅದು ಏನನ್ನು ಮುಟ್ಟಿತು ಎಂಬುದನ್ನಷ್ಟೇ ಹೇಳಬೇಕು. ಸಮಯವಾಯಿತೆಂದು ಇದನ್ನು ಬಿಟ್ಟರೆ ನಡುವೆ ನಿಂತವನು ಬಟ್ಟೆ ಬಿಚ್ಚಿದವನಂತೆ ಒಬ್ಬನೇ ಉಳಿಯುತ್ತಾನೆ. ಹೊಡೆಯುವ ಅಪ್ಪನ ಪಾತ್ರ ಮಾಡಿದವನು ಎದ್ದು ನಿಂತು ‘ನಾನು ನಿಮ್ಮಪ್ಪ ಅಲ್ಲ’ ಎಂದು ತನ್ನ ಹೆಸರು ಹೇಳಿ, ಪಾತ್ರ ಕಳಚಿ ಹೋಗಬೇಕು. ಇದನ್ನು ಬಿಟ್ಟ ಗುಂಪುಗಳಲ್ಲಿ ಆ ಇಬ್ಬರ ನಡುವೆ ಕಾರಣವಿಲ್ಲದ ಮುನಿಸು ವಾರಗಟ್ಟಲೆ ಎಳೆಯುತ್ತದೆ.

ಮನೋವೈದ್ಯರಾದ ಬಿಯಾನ್ ಮತ್ತು ಎಸ್.ಎಚ್. ಫೌಲ್ಕ್ಸ್ ಅವರ ದಾರಿಗಳು ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನಾರ್ತ್‌ಫೀಲ್ಡ್ ಸೇನಾ ಆಸ್ಪತ್ರೆಯಲ್ಲಿ ರೂಪುಗೊಂಡಂಥವು. ನಾಯಕ ಮಾತಾಡದೆ ಕೂರುವ ಆ ಶೈಲಿಯನ್ನು ದಿನಗೂಲಿಯವರ ಗುಂಪಿಗೆ ನಾವು ಒಪ್ಪುವುದಿಲ್ಲ. ಕೂಲಿ ಬಿಟ್ಟು ಬಂದವರೆದುರು ನಲವತ್ತು ನಿಮಿಷ ಸುಮ್ಮನಿದ್ದರೆ ಅವರು ಮತ್ತೆ ಬರುವುದಿಲ್ಲ, ಬರಲೂಬಾರದು. ಆದರೆ ಬಿಯಾನ್ ಕಂಡದ್ದನ್ನು ತಿಳಿದಿರಬೇಕು. ಗುಂಪು ತನ್ನ ಕೆಲಸ ಬಿಟ್ಟು ಮೂರು ಕಡೆ ಜಾರುತ್ತದೆ ಎಂದರು ಅವರು: ಒಬ್ಬರನ್ನು ನೆಚ್ಚಿ ಕೂರುವುದು, ಜಗಳಕ್ಕೆ ನಿಲ್ಲುವುದು ಇಲ್ಲವೇ ಓಡುವುದು, ಇಬ್ಬರ ಜೋಡಿಯಿಂದ ಏನೋ ಆದೀತೆಂದು ಕಾಯುವುದು. ನಮ್ಮಲ್ಲಿ ಮೊದಲನೆಯದು ಹೆಚ್ಚು. ‘ನೀವೇ ಹೇಳಿ ಮೇಡಂ, ನಿಮಗೆ ಗೊತ್ತಿರಲ್ವಾ’ ಎಂಬ ಮಾತು ಮೂರು ಸಲ ಬಂತೆಂದರೆ ಗುಂಪು ಅಲ್ಲಿಗೆ ಜಾರಿದೆ ಎಂದರ್ಥ. ಆಗ ಹೇಳುವುದು ಸುಲಭ, ಹೊಗಳಿಕೆಯೂ ಸಿಗುತ್ತದೆ. ಹೇಳದೆ ಪಕ್ಕದವರತ್ತ ತಿರುಗಿಸುವುದೇ ನಡೆಸುವವರ ಕಸುಬು.

ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ 50 ಲೇಖನಗಳನ್ನು ಜಾಲಾಡಿ ಗುಂಪಿನ ನಾಲ್ಕು ಹಂತ ಗುರುತಿಸಿದರು: ಕೂಡುವುದು, ತಿಕ್ಕಾಟ, ಹೊಂದಿಕೆ, ಕೆಲಸ. 1977ರಲ್ಲಿ ಬೀಳ್ಕೊಡುಗೆಯನ್ನು ಐದನೆಯದಾಗಿ ಸೇರಿಸಿದರು. ತರಬೇತಿಗಳಲ್ಲಿ ಇದನ್ನು ಬಾಯಿಪಾಠ ಮಾಡಿಸುತ್ತಾರೆ, ಆದರೆ ನಮ್ಮ ಊರಿನ ತಿಕ್ಕಾಟ ಹೇಗಿರುತ್ತದೆ ಎಂದು ಹೇಳುವುದಿಲ್ಲ. ಇಲ್ಲಿ ಯಾರೂ ದನಿ ಎತ್ತಿ ‘ಈ ಗುಂಪಿನಿಂದ ಉಪಯೋಗವಿಲ್ಲ’ ಎನ್ನುವುದಿಲ್ಲ. ಮೂರನೆಯ, ನಾಲ್ಕನೆಯ ವಾರ ಒಬ್ಬಳಿಗೆ ನಂಟರು ಬರುತ್ತಾರೆ, ಇನ್ನೊಬ್ಬಳಿಗೆ ಹಸು ಕರು ಹಾಕುತ್ತದೆ, ಮತ್ತೊಬ್ಬಳ ಫೋನ್ ಸ್ವಿಚ್ ಆಫ್. ಹಾಜರಿಯೇ ಇಲ್ಲಿ ಜಗಳದ ಭಾಷೆ. ಅದನ್ನು ಶಿಸ್ತಿನ ಪ್ರಶ್ನೆಯಾಗಿ ನೋಡಿ ಗದರಿದರೆ ಗುಂಪು ಅಲ್ಲಿಗೆ ಮುಗಿಯಿತು. ಬಂದವರೊಂದಿಗೆ, ‘ಇಲ್ಲಿ ಯಾವ ಮಾತು ಭಾರ ಅನ್ನಿಸಿತು?’ ಎಂದು ಕೇಳಿದರೆ ಉಳಿದವರೂ ಹೆಚ್ಚಾಗಿ ಮರಳುತ್ತಾರೆ.

ಈಗ ತಯಾರಿ. ಗುಂಪಿಗೆ ಸೇರಿಸುವ ಮುನ್ನ ಪ್ರತಿಯೊಬ್ಬರೊಂದಿಗೆ ಅರ್ಧ ಗಂಟೆ ಪ್ರತ್ಯೇಕ ಮಾತುಕತೆ ಆಗಲೇಬೇಕು. ಪಿಎಚ್‌ಕ್ಯೂ–9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಇದೆ. ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನ ಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಅದೇ ದಿನ ಪ್ರತ್ಯೇಕವಾಗಿ ವಿಚಾರಿಸಬೇಕು. ಇಲ್ಲದ ದನಿ ಕೇಳುವಂಥ ತೀವ್ರ ಸ್ಥಿತಿಯಲ್ಲಿರುವವರು, ಆತ್ಮಹತ್ಯೆಯ ಅಂಚಿನಲ್ಲಿರುವವರು, ಕುಡಿದು ಬರುವವರು ಆ ಹೊತ್ತಿಗೆ ಗುಂಪಿಗಲ್ಲ, ವೈದ್ಯರ ಬಳಿಗೆ. ಹೊಡೆಯುವ ಗಂಡನನ್ನೂ ಹೊಡೆತ ತಿನ್ನುವ ಹೆಂಡತಿಯನ್ನೂ ಒಂದೇ ವೃತ್ತದಲ್ಲಿ ಕೂರಿಸುವ ಸಾಹಸ ಬೇಡ. ಅಲ್ಲಿ ಆಡಿದ ಮಾತಿಗೆ ರಾತ್ರಿ ಮನೆಯಲ್ಲಿ ಬಡ್ಡಿ ಸೇರುತ್ತದೆ.

ಏಳೆಂಟು ಜನ ಸರಿಯಾದ ಸಂಖ್ಯೆ; ಐದಕ್ಕಿಂತ ಇಳಿದರೆ ಗುಂಪಿನ ಗುಣ ಹೋಗುತ್ತದೆ, ಹತ್ತು ದಾಟಿದರೆ ಮೂವರು ಮಾತಾಡಿ ಉಳಿದವರು ಪ್ರೇಕ್ಷಕರಾಗುತ್ತಾರೆ. 90 ನಿಮಿಷ, ವಾರದ ಅದೇ ದಿನ, ಅದೇ ಕೋಣೆ. ನಡುವೆ ಟೇಬಲ್ ಬೇಡ, ನಡೆಸುವವರಿಗೆ ಬೇರೆ ಎತ್ತರದ ಕುರ್ಚಿಯೂ ಬೇಡ. ಸಾಧ್ಯವಾದರೆ ಇಬ್ಬರು ನಡೆಸಲಿ: ಒಬ್ಬರು ಮಾತಾಡುವವರನ್ನು ನೋಡುವಾಗ ಇನ್ನೊಬ್ಬರು ಮೌನವಾಗಿರುವವರ ಮುಖ ನೋಡುತ್ತಾರೆ. ಮೂರನೆಯ ವಾರದ ನಂತರ ಹೊಸಬರನ್ನು ಸೇರಿಸಬೇಡಿ. ಕೊನೆಯ ದಿನ ಯಾವುದು ಎಂದು ಮೊದಲ ದಿನವೇ ಹೇಳಿ, ಕೊನೆಯ ಎರಡು ವಾರ ಅಗಲುವ ಬಗ್ಗೆಯೇ ಮಾತಾಡಿ.

ಗುಟ್ಟು ಕಾಯುವ ವಿಷಯದಲ್ಲಿ ನಮ್ಮ ಊರುಗಳಿಗೆ ಪ್ರತ್ಯೇಕ ಎಚ್ಚರ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವ ಹೊಣೆ ಹೊರಿಸಿರುವುದು ಚಿಕಿತ್ಸೆ ಕೊಡುವವರ ಮೇಲೆ. ವೃತ್ತದಲ್ಲಿ ಕೂತ ಉಳಿದ ಏಳು ಜನರ ಮೇಲಲ್ಲ. ‘ಇಲ್ಲಿ ಎಲ್ಲವೂ ಗುಟ್ಟಾಗಿರುತ್ತದೆ’ ಎಂದು ನಡೆಸುವವರು ಭರವಸೆ ಕೊಡುವುದು ಅದಕ್ಕೇ ಸುಳ್ಳು ಭರವಸೆ. ‘ನಾನು ಹೇಳುವುದಿಲ್ಲ. ನೀವು ಒಬ್ಬರಿಗೊಬ್ಬರು ಮಾತು ಕೊಡಿ. ಆದರೂ ಸೋರಬಹುದು, ಆದ್ದರಿಂದ ಇವತ್ತೇ ಎಲ್ಲ ಹೇಳಬೇಡಿ’ ಎನ್ನುವುದು ಪ್ರಾಮಾಣಿಕ. ಗುಂಪಿನ ಹೆಸರಲ್ಲಿ ವಾಟ್ಸ್ಆ್ಯಪ್ ಗ್ರೂಪ್ ಮಾಡುವುದಂತೂ ದೊಡ್ಡ ಅನಾಹುತ; ಒಬ್ಬರ ಮೊಬೈಲ್ ಮನೆಮಂದಿಗೆಲ್ಲ ಸೇರಿದ್ದು. ಪ್ರತಿಯೊಬ್ಬರಿಗೂ ಬೇರೆ ಬೇರೆ ಕರೆ ಮಾಡಿ, ಯಾವ ಹೊತ್ತಿಗೆ ಮಾಡಬೇಕು, ಬೇರೆಯವರು ಎತ್ತಿದರೆ ಏನು ಹೇಳಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಫೋಟೊ ಬೇಡವೇ ಬೇಡ. ಬೆನ್ನು ಮಾತ್ರ ಕಾಣುವ ಫೋಟೊದಲ್ಲೂ ಸೀರೆ ನೋಡಿ ಗುರುತು ಹಿಡಿಯುವ ಊರು ನಮ್ಮದು.

ಕುಡಿತ ಬಿಡಿಸುವ ಗುಂಪುಗಳ ಬಗ್ಗೆ ಚಿಕ್ಕದಾಗಿ. 1935ರಲ್ಲಿ ಅಮೆರಿಕದ ಆ್ಯಕ್ರನ್‌ನಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಪರಸ್ಪರ ನೆರವಿನ ಕೂಟ. ಅಲ್ಲಿ ಚಿಕಿತ್ಸಕರಿಲ್ಲ, ಶುಲ್ಕವಿಲ್ಲ, ಅದರ ಬಲವೂ ಅದೇ. ಶಿಬಿರ ಮುಗಿಸಿ ಬಂದವನಿಗೆ ಮುಂದಿನ ತಿಂಗಳುಗಳ ವಾರದ ಕೂಟವೇ ಆಸರೆ. ಆದರೆ ವರ್ಷಗಟ್ಟಲೆ ದಿನವೂ ಕುಡಿದವನು ‘ಇವತ್ತಿಂದ ಬಿಟ್ಟೆ’ ಎಂದು ಆಣೆ ಹಾಕಿದಾಗ ಚಪ್ಪಾಳೆ ತಟ್ಟಿ ಮನೆಗೆ ಕಳಿಸುವುದು ಅಪಾಯ. ಒಮ್ಮೆಲೇ ನಿಲ್ಲಿಸಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡು–ಮೂರನೆಯ ದಿನಕ್ಕೆ ಕೈ ನಡುಕ, ಜ್ವರ, ಇಲ್ಲದ್ದು ಕಾಣುವ ಸನ್ನಿ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. ಮೊದಲು ಆಸ್ಪತ್ರೆ, ಆಮೇಲೆ ಗುಂಪು.

ಗುಂಪಿನಿಂದ ಹಾನಿಯೂ ಆಗುತ್ತದೆ ಎಂಬುದನ್ನು ಯಾವ ಫ್ಲೆಕ್ಸೂ ಹೇಳುವುದಿಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ, ಮನಸ್ಸಿನಲ್ಲಿದ್ದುದನ್ನು ಮುಖಾಮುಖಿ ಹೊರಹಾಕಿಸುವ ‘ಎನ್‌ಕೌಂಟರ್’ ಗುಂಪುಗಳ ಅಲೆ ಎದ್ದಿತ್ತು. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಇಂಥ ಗುಂಪುಗಳನ್ನು ಲೀಬರ್‌ಮನ್, ಯಾಲಮ್ ಮತ್ತು ಮೈಲ್ಸ್ ಅಧ್ಯಯನ ಮಾಡಿ 1973ರಲ್ಲಿ ಪ್ರಕಟಿಸಿದರು. ಮಾತಿನ ಮೋಡಿಯಿಂದ ಆಕ್ರಮಣ ಮಾಡಿ, ‘ಈಗಲೇ ಹೊರಹಾಕು, ಈಗಲೇ ಬದಲಾಗು’ ಎಂದು ಒತ್ತುವ ನಾಯಕರ ಗುಂಪುಗಳಲ್ಲೇ ಹೆಚ್ಚು ಜನ ಮನಸ್ಸು ಮುರಿದುಕೊಂಡು ಹೋದರು. ನಾಯಕ ಯಾವ ಸಿದ್ಧಾಂತದವನೆಂದು ಹೇಳಿಕೊಂಡ ಎಂಬುದಕ್ಕಿಂತ ಅವನು ವಾಸ್ತವದಲ್ಲಿ ಹೇಗೆ ನಡೆದುಕೊಂಡ ಎಂಬುದೇ ಮುಖ್ಯವಾಗಿತ್ತು. ಕಣ್ಣು ಮುಚ್ಚಿಸಿ, ದುಃಖದ ಸಂಗೀತ ಹಾಕಿ, ಸತ್ತ ತಾಯಿಯನ್ನು ನೆನಪಿಸಿ ಮುನ್ನೂರು ಮಕ್ಕಳನ್ನು ಒಟ್ಟಿಗೆ ಅಳಿಸುವ ‘ಪ್ರೇರಣಾ ಶಿಬಿರ’ಗಳನ್ನು ಕರೆಸುವ ಪ್ರಾಂಶುಪಾಲರು ಇದನ್ನು ಗಮನಿಸಬೇಕು. ಅಳಿಸಿದವರು ಸಂಜೆ ಬಸ್ಸು ಹತ್ತುತ್ತಾರೆ. ಅಳು ನಿಲ್ಲದ ಮಗು ಹಾಸ್ಟೆಲ್ ವಾರ್ಡನ್ ಕೈಯಲ್ಲಿ ಉಳಿಯುತ್ತದೆ.

ಇದೇ ಸಾಲಿನಲ್ಲಿ ಇನ್ನೊಂದು. ಆನೆ ದಾಳಿಯಲ್ಲಿ ಯಾರೋ ತೀರಿಕೊಂಡಾಗ, ದೊಡ್ಡ ಅಪಘಾತವಾದಾಗ, ಮರುದಿನವೇ ಊರವರನ್ನೆಲ್ಲ ಕೂರಿಸಿ ‘ಕಂಡದ್ದನ್ನೆಲ್ಲ ಹೇಳಿ, ಮನಸ್ಸು ಹಗುರಾಗುತ್ತದೆ’ ಎನ್ನುವ ಸಮಾಲೋಚಕರಿದ್ದಾರೆ. 1980ರ ದಶಕದಲ್ಲಿ ಇದು ಚಾಲ್ತಿಯಲ್ಲಿತ್ತು ನಿಜ. ಆಮೇಲಿನ ಪರೀಕ್ಷೆಗಳಲ್ಲಿ ಒಂದೇ ಸಲದ ಇಂಥ ಬಲವಂತದ ನಿರೂಪಣೆ ಮುಂದಿನ ಆಘಾತದ ಕಾಯಿಲೆಯನ್ನು ತಡೆಯಲಿಲ್ಲ, ಕೆಲವರಿಗೆ ಹೆಚ್ಚೇ ಮಾಡಿತು. ಈಗಿನ ದಾರಿ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕೈಪಿಡಿ ಮಾಡಿದ ಮಾನಸಿಕ ಪ್ರಥಮ ಚಿಕಿತ್ಸೆ: ಊಟ, ನೀರು, ಮಲಗುವ ಜಾಗ, ಪರಿಹಾರದ ಅರ್ಜಿಗೆ ಜೊತೆಯಾಗಿ ಓಡಾಡುವವರು, ಮಾತಾಡಲು ಇಷ್ಟವಿದ್ದರೆ ಕೇಳುವ ಕಿವಿ. ಗುಂಪು ಬೇಕಾದವರಿಗೆ ಅದು ಕೆಲವು ವಾರಗಳ ನಂತರದ ಮಾತು.

ನಮ್ಮ ಕೋರಿಕೆ ದುಬಾರಿಯದ್ದಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಾಗಲಿ, ಕಾಲೇಜಿನವರಾಗಲಿ, ಸಂಘ–ಸಂಸ್ಥೆಯವರಾಗಲಿ ಒಂದು ದಿನದ ಶಾಮಿಯಾನ, ಹಾರ–ತುರಾಯಿ, ಸ್ಮರಣಿಕೆಯ ಹಣವನ್ನು ಒಂದು ಕೋಣೆಗೆ, ಎಂಟು ವಾರಗಳ ಟೀಗೆ, ಬರುವವರ ಬಸ್ ಚಾರ್ಜಿಗೆ, ನಡೆಸುವವರ ತರಬೇತಿಗೆ ತಿರುಗಿಸಲಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವೇ ಗುಂಪಿಗೂ ಗೊತ್ತು ಮಾಡಿದರೆ, ಔಷಧಿ ಬೇಕಾದವರನ್ನು ಪಕ್ಕದ ಕೋಣೆಗೆ ಕಳಿಸಬಹುದು. ‘ಗುಂಪು ಆಪ್ತಸಮಾಲೋಚನೆ’ ಎಂದು ಆಮಂತ್ರಣ ಅಚ್ಚು ಹಾಕಿಸುವವರು ಅತಿಥಿಗಳ ಪಟ್ಟಿಯ ಜಾಗದಲ್ಲಿ ನಾಲ್ಕು ವಿವರ ಬರೆಯಲಿ: ಎಷ್ಟು ಜನ, ಎಷ್ಟು ವಾರ, ನಡೆಸುವವರ ತರಬೇತಿ ಯಾವುದು, ಗುಂಪಿಗೆ ಒಗ್ಗದವರನ್ನು ಎಲ್ಲಿಗೆ ಕಳಿಸುತ್ತಾರೆ. ವರದಿ ಮಾಡಲು ಬರುವ ನಿಮ್ಮ ಬಾತ್ಮೀದಾರರೂ ಈ ನಾಲ್ಕನ್ನೇ ಕೇಳಲಿ. ಉತ್ತರ ಸಿಗದಿದ್ದರೆ ಸುದ್ದಿಯಲ್ಲಿ ‘ಉಪನ್ಯಾಸ’ ಎಂದೇ ಬರೆಯಲಿ. ಅಲ್ಲಿವರೆಗೆ ಕಾಯಲಾಗದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು–ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇಂತಿ,
ಹಾಸನದ ಕೆಲವು ಆಪ್ತಸಮಾಲೋಚಕರು